ಮಿಷಿಗನ್ ಚಳಿಗಾಲದಲ್ಲಿ ಮಸ್ಟಾಂಗ್: ಹಿಂಬದಿ ಚಕ್ರದ ಜೋರು ಕಾರನ್ನು ಹಿಮದಲ್ಲಿ ಓಡಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತ, ಅಂದರೆ ಟ್ರಾಯ್, ನೋವೈ, ಕ್ಯಾಂಟನ್ ಕಡೆ ಇರುವ ಕನ್ನಡಿಗರಲ್ಲಿ ಕಾರು ಕಂಪನಿಗಳಲ್ಲಿ ದುಡಿಯುವವರು ಬಹಳ. ಹಗಲೆಲ್ಲ ಕಾರಿನದೇ ಮಾತು. ಹಾಗಿರುವಾಗ ಫೋರ್ಡ್ ಕಂಪನಿಯ ಜೋರು ಕಾರು ಮಸ್ಟಾಂಗ್ ಜಿಟಿ ಒಂದನ್ನು ಇಟ್ಟುಕೊಳ್ಳುವ ಆಸೆ ಬರುವುದು ಸಹಜ, ಅಲ್ವಾ? ಬೇಸಿಗೆಯಲ್ಲಿ ಕೊಂಡವರಿಗೆ ನವೆಂಬರ್‌ನಲ್ಲಿ ಮೊದಲ ಹಿಮ ಬಿದ್ದಾಗ ಒಂದೇ ಯೋಚನೆ: ಇದನ್ನು ಚಳಿಗಾಲದಲ್ಲಿ ಓಡಿಸೋಕೆ ಆಗುತ್ತಾ?

ಆಗುತ್ತೆ. 1970ರ ದಶಕದವರೆಗೂ ಈ ಊರಿನ ಬಹುಪಾಲು ಕಾರುಗಳು ಹಿಂಬದಿ ಚಕ್ರದವೇ, ಅಂದರೆ ಎಂಜಿನ್ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುವಂಥವು. ಜನ ಅವುಗಳಲ್ಲೇ ಹಿಮದಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಎಳೆಯುವ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇರಲಿಲ್ಲ, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಕೂಡ ಅಪರೂಪ. ಈಗ ಎರಡೂ ಇವೆ. ಆದರೆ ಸರಿಯಾದ ಟೈರ್ ಮತ್ತು ಮೆತ್ತಗಿನ ಕಾಲು, ಇವೆರಡು ನಿಮ್ಮಲ್ಲಿ ಇರಬೇಕು. ಇವೆರಡರಲ್ಲಿ ಒಂದನ್ನೇ ಆರಿಸಿಕೋ ಎಂದರೆ ನಾನು ಟೈರ್ ಅನ್ನುತ್ತೇನೆ. ಕಾಲನ್ನು ಪಳಗಿಸಬಹುದು. ಗಟ್ಟಿಯಾದ ಬೇಸಿಗೆ ಟೈರನ್ನು ಪಳಗಿಸಲು ಯಾರಿಂದಲೂ ಆಗುವುದಿಲ್ಲ.

ಮಸ್ಟಾಂಗ್ ಜಿಟಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಬರೆದಿದ್ದೇನೆ. ಕಮಾರೋ, ಚಾಲೆಂಜರ್, ಬಿಎಂಡಬ್ಲ್ಯು ಇಟ್ಟುಕೊಂಡವರಿಗೂ ಹೆಚ್ಚೂಕಮ್ಮಿ ಇದೇ ಲೆಕ್ಕ.

ಮೊದಲು ಒಂದು ಲೆಕ್ಕ

2018ರಿಂದ 2021ರವರೆಗಿನ ಜಿಟಿಗೆ 5 ಲೀಟರ್ ವಿ8 ಎಂಜಿನ್. 460 ಅಶ್ವಶಕ್ತಿ, ಸುಮಾರು 570 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಮ್ಯಾನ್ಯುವಲ್ ಗಾಡಿಯಲ್ಲಿ ಮೊದಲ ಗೇರ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ದಾಟುವಷ್ಟರಲ್ಲಿ ಈ ಟಾರ್ಕ್ ಹತ್ತು ಪಟ್ಟಿಗೂ ಜಾಸ್ತಿಯಾಗುತ್ತದೆ. ಪೂರ್ತಿ ಒತ್ತಿದರೆ ಹಿಂದಿನ ಎರಡು ಟೈರುಗಳ ಬುಡಕ್ಕೆ 18ರಿಂದ 20 ಸಾವಿರ ನ್ಯೂಟನ್ ಬಲ ಬರುತ್ತದೆ.

ಈಗ ನೆಲದ ಕಡೆಯಿಂದ ನೋಡಿ. ಕಾರಿನ ತೂಕ ಸುಮಾರು 1,700 ಕೆಜಿ. ಎಂಜಿನ್ ಮುಂದಿರುವುದರಿಂದ ಅರ್ಧಕ್ಕಿಂತ ಕಮ್ಮಿ ತೂಕ ಹಿಂದಿನ ಚಕ್ರಗಳ ಮೇಲಿರುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಒಳ್ಳೆಯ ಟೈರ್ ಕೂಡ ತನ್ನ ಮೇಲಿನ ಭಾರದ ಕಾಲು ಭಾಗದಷ್ಟು ಬಲವನ್ನು ಮಾತ್ರ ನೆಲಕ್ಕೆ ದಾಟಿಸುತ್ತದೆ. ಲೆಕ್ಕ ಹಾಕಿದರೆ 2 ಸಾವಿರ ನ್ಯೂಟನ್ ಆಸುಪಾಸು. ಎಂಜಿನ್ ಕೊಡುವುದರಲ್ಲಿ ಹತ್ತನೇ ಒಂದು ಭಾಗವನ್ನಷ್ಟೇ ರಸ್ತೆ ಹಿಡಿದುಕೊಳ್ಳುತ್ತದೆ. ಉಳಿದದ್ದೆಲ್ಲ ಚಕ್ರ ಗಿರಗಿರ ಸುತ್ತುವುದಕ್ಕೆ ಹೋಗುತ್ತದೆ. ಐಸ್ ಮೇಲಾದರೆ ಆ 2 ಸಾವಿರವೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಟೈರಿನ ಹಿಡಿತ ಒಂದೇ ಜೇಬಿನ ದುಡ್ಡು ಇದ್ದ ಹಾಗೆ. ಎಳೆಯುವುದಕ್ಕೂ ಅದೇ, ನಿಲ್ಲಿಸುವುದಕ್ಕೂ ಅದೇ, ತಿರುಗುವುದಕ್ಕೂ ಅದೇ. ಆ್ಯಕ್ಸಿಲರೇಟರ್ ಒತ್ತಿ ಹಿಂದಿನ ಚಕ್ರ ಸುತ್ತತೊಡಗಿದರೆ ಜೇಬು ಅಲ್ಲೇ ಖಾಲಿ. ಅಡ್ಡಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಜಿಟಿಯಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ) ಇದೆ. ಒಂದೇ ಚಕ್ರ ಸುತ್ತಿಕೊಂಡು ಗಾಡಿ ನಿಂತಲ್ಲೇ ನಿಲ್ಲುವುದನ್ನು ಅದು ತಪ್ಪಿಸುತ್ತದೆ. ಆದರೆ ಅದೇ ಕಾರಣಕ್ಕೆ ಕಾಲು ಜೋರಾದರೆ ಎರಡೂ ಚಕ್ರ ಒಟ್ಟಿಗೆ ಹಿಡಿತ ಬಿಡುತ್ತವೆ, ಬಾಲ ಬೇಗ ತಿರುಗುತ್ತದೆ. ‘ಎಲ್‌ಎಸ್‌ಡಿ ಇದೆ, ಭಯವಿಲ್ಲ’ ಅನ್ನುವವರು ಇದರ ಅರ್ಧ ಕಥೆ ಮಾತ್ರ ಕೇಳಿದ್ದಾರೆ.

ಹೆಜ್ಜೆ 1: ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರ್

ಪರ್ಫಾರ್ಮೆನ್ಸ್ ಪ್ಯಾಕೇಜ್ (ಕೊಳ್ಳುವಾಗ ಬೇಕಾದವರು ಆರಿಸಿಕೊಳ್ಳುವ, ಜೋರು ಓಟಕ್ಕೆಂದೇ ಇರುವ ಭಾಗಗಳ ಕಟ್ಟು) ಇರುವ ಜಿಟಿ ಬೇಸಿಗೆ ಟೈರಿನೊಂದಿಗೆ ಬರುತ್ತದೆ. ಮುಂದೆ 255 ಮಿ.ಮೀ. ಅಗಲ, ಹಿಂದೆ 275. ಆ ರಬ್ಬರ್ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಶೂನ್ಯಕ್ಕಿಂತ ತುಂಬಾ ಕೆಳಗೆ ಓಡಿಸಿದರೆ ಬಿರುಕೂ ಬಿಡಬಹುದು. ಹಿಮ ಇಲ್ಲದ ಒಣ ರಸ್ತೆಯಲ್ಲೂ ಅಷ್ಟೇ. ಹಿಮ ಬಿದ್ದ ಮೇಲೆ ನೋಡೋಣ ಎಂದು ಕಾಯಬೇಡಿ. ಬೆಳಗಿನ ತಾಪಮಾನ ದಿನವೂ 7ಕ್ಕಿಂತ ಕೆಳಗೆ ಇರತೊಡಗಿದರೆ ಟೈರ್ ಬದಲಿಸಿ. ಇಲ್ಲಿ ಅದು ಅಕ್ಟೋಬರ್ ಕೊನೆ, ನವೆಂಬರ್ ಶುರು. ಮೊದಲ ಹಿಮದ ವಾರ ಟೈರ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಟೈರಿನ ಪಕ್ಕದ ಗೋಡೆಯಲ್ಲಿ ಎರಡು ಗುರುತುಗಳನ್ನು ಕಾಣುತ್ತೀರಿ. ‘ಎಂ+ಎಸ್’ ಎಂದರೆ ಮಣ್ಣು ಮತ್ತು ಹಿಮಕ್ಕೆ ಹೊಂದುವ ಗೀರಿನ ವಿನ್ಯಾಸ ಇದೆ ಎಂದಷ್ಟೇ. ಯಾರೂ ಹಿಮದಲ್ಲಿ ಪರೀಕ್ಷಿಸಿರಬೇಕೆಂದಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಚಿತ್ರ ಇದ್ದರೆ ಆ ಟೈರ್ ಹಿಮದ ಪರೀಕ್ಷೆ ಪಾಸಾಗಿದೆ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಅಮೆರಿಕದಲ್ಲಿ ಈ ಗುರುತಿಗಾಗಿ ನೋಡುವುದು ಗಟ್ಟಿ ಹಿಮದ ಮೇಲೆ ಟೈರ್ ಎಷ್ಟು ಎಳೆಯುತ್ತದೆ ಎಂಬುದನ್ನು. ಐಸ್ ಮೇಲಿನ ಹಿಡಿತಕ್ಕೆ ಅದು ಗ್ಯಾರಂಟಿ ಅಲ್ಲ. ಹಾಗಾಗಿ ಈ ಗುರುತಿರುವ ಆಲ್ ಸೀಸನ್ ಟೈರಿಗೂ ನಿಜವಾದ ಚಳಿಗಾಲದ ಟೈರಿಗೂ ವ್ಯತ್ಯಾಸ ಇದ್ದೇ ಇದೆ.

ಚಳಿಗಾಲದ ಟೈರುಗಳಲ್ಲೂ ಎರಡು ಬಗೆ. ಬ್ರಿಜ್‌ಸ್ಟೋನ್ ಬ್ಲಿಝಾಕ್ ಡಬ್ಲ್ಯುಎಸ್90, ಮಿಷೆಲಿನ್ ಎಕ್ಸ್-ಐಸ್ ಸ್ನೋ, ನೋಕಿಯನ್ ಹಕ್ಕಪೆಲಿಟ್ಟಾದ ಮೊಳೆಯಿಲ್ಲದ ಮಾದರಿಗಳು ಐಸನ್ನು ಗಮನದಲ್ಲಿಟ್ಟು ಮಾಡಿದವು. ರಬ್ಬರ್ ತುಂಬಾ ಮೆತ್ತಗೆ, ಮೈತುಂಬ ಕೂದಲೆಳೆಯಂಥ ಸೀಳು. ಮಿಷೆಲಿನ್ ಪೈಲಟ್ ಆಲ್ಪಿನ್‌ನಂಥವು ಒಣ ಹೆದ್ದಾರಿಯಲ್ಲಿ ಸ್ಟೀರಿಂಗ್ ಚುರುಕಾಗಿರಲಿ ಎನ್ನುವವರಿಗೆ. ಮಿಷಿಗನ್‌ಗೆ ನನ್ನ ಓಟು ಮೊದಲನೆಯದಕ್ಕೆ. ಒಣ ರಸ್ತೆಯಲ್ಲಿ ಕಾರು ಕೊಂಚ ತೇಲಿದಂತೆ ಅನಿಸುತ್ತದೆ ನಿಜ. ಜನವರಿಯಲ್ಲಿ ಯಾರ ಜೊತೆ ರೇಸ್ ಮಾಡಬೇಕಿದೆ ಹೇಳಿ? ಲೋಹದ ಮೊಳೆ ಟೈರಿನ ಮಾತು ಬಿಡಿ, ಈ ರಾಜ್ಯದಲ್ಲಿ ಅದಕ್ಕೆ ಹೆಚ್ಚೂಕಮ್ಮಿ ಅವಕಾಶವೇ ಇಲ್ಲ.

ಅಳತೆ ವಿಷಯದಲ್ಲಿ ಬೇಸಿಗೆಯ ತರ್ಕ ಉಲ್ಟಾ. ಅಗಲ ಟೈರ್ ಹಿಮದ ಮೇಲೆ ಹತ್ತಿ ತೇಲುತ್ತದೆ. ಕಿರಿದಾದದ್ದು ಕೊಯ್ದುಕೊಂಡು ಕೆಳಗಿಳಿಯುತ್ತದೆ. ಸಾಧಾರಣ ಜಿಟಿಗೆ 18 ಇಂಚಿನ ರಿಮ್, ನಾಲ್ಕೂ ಕಡೆ 235/50 ಅಳತೆ (ಅಗಲ 235 ಮಿ.ಮೀ., ಗೋಡೆಯ ಎತ್ತರ ಅದರ ಅರ್ಧ) ಚೆನ್ನಾಗಿ ಹೊಂದುತ್ತದೆ. ಗೋಡೆ ಎತ್ತರ ಇರುವುದರಿಂದ ಹಿಮದಡಿಯ ಗುಂಡಿಗೆ ರಿಮ್ ಬಾಗುವುದೂ ಕಮ್ಮಿ. ಪರ್ಫಾರ್ಮೆನ್ಸ್ ಪ್ಯಾಕೇಜಿನ ದೊಡ್ಡ ಬ್ರೆಂಬೋ ಬ್ರೇಕ್ ಇದ್ದರೆ ಆ ರಿಮ್ ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ತಾಗದೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಬೇರೆ ರಿಮ್ ಸೆಟ್ಟಿಗೇ ಟೈರ್ ಕೂರಿಸಿಟ್ಟುಕೊಂಡರೆ ವರ್ಷಕ್ಕೆ ಎರಡು ಸಲ ಮನೆಯಲ್ಲೇ ಬದಲಿಸಬಹುದು.

ಹಿಂದಿನ ಎರಡಕ್ಕೆ ಮಾತ್ರ ಹಾಕಿದರೆ ಸಾಲದಾ ಎಂದು ಕೇಳುವವರು ಇದ್ದಾರೆ. ಸಾಲದು. ಎಳೆಯುವುದು ಹಿಂದಿನ ಚಕ್ರ, ಸರಿ. ತಿರುಗಿಸುವುದು ಯಾರು? ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದು ಯಾರು? ಮುಂದಿನವೇ.

ಗೀರಿನ ಆಳ 4 ಮಿ.ಮೀ. ಗಿಂತ ಕಮ್ಮಿಯಾದರೆ ಅದು ಹಿಮಕ್ಕೆ ಸಾಲದು. ಗಾಳಿಯನ್ನು ಚಳಿಯಲ್ಲೇ, ಓಡಿಸುವ ಮೊದಲೇ ನೋಡಿ. ತಾಪಮಾನ ಸುಮಾರು 5-6 ಡಿಗ್ರಿ ಸೆಲ್ಸಿಯಸ್ ಇಳಿದಂತೆಲ್ಲ ಒತ್ತಡ 1 ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ತುಂಬಿಸಿದ ಗಾಳಿ ಜನವರಿಗೆ ಐದಾರು ಪಿಎಸ್‌ಐ ಕಮ್ಮಿಯಾಗಿರುತ್ತದೆ. ಹಿಡಿತ ಸಿಗಲಿ ಎಂದು ಬೇಕೆಂದೇ ಗಾಳಿ ಇಳಿಸುವುದು ಬೇಡ.

ಜರ್ಮನಿಯಲ್ಲಿರುವವರಿಗೆ ಈ ಚರ್ಚೆಯೇ ಇಲ್ಲ. ರಸ್ತೆಯಲ್ಲಿ ಹಿಮ, ಐಸ್ ಇದ್ದಾಗ ಚಳಿಗಾಲದ ಟೈರ್ ಇಲ್ಲದೆ ಓಡಿಸುವಂತಿಲ್ಲ, 2024ರ ಅಕ್ಟೋಬರ್‌ನಿಂದ ಆ ಬೆಟ್ಟದ ಗುರುತೇ ಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಮಿಷಿಗನ್ ನಿಮ್ಮ ವಿವೇಕಕ್ಕೇ ಬಿಟ್ಟಿದೆ.

ಹೆಜ್ಜೆ 2: ಡಿಕ್ಕಿಯಲ್ಲಿ ಭಾರ, ಬೇಕಾ?

ಹಳಬರು ಕೊಡುವ ಮೊದಲ ಸಲಹೆ: ಡಿಕ್ಕಿಯಲ್ಲಿ ಮರಳು ಮೂಟೆ ಹಾಕು. ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ 60 ಪೌಂಡಿನ, ಅಂದರೆ ಸುಮಾರು 27 ಕೆಜಿಯ ಉದ್ದನೆ ಮರಳು ಚೀಲ ಸಿಗುತ್ತದೆ. ಖಾಲಿ ಪಿಕಪ್ ಟ್ರಕ್ಕಿಗೆ ಈ ಸಲಹೆ ಸರಿ. ಮಸ್ಟಾಂಗ್‌ಗೆ ಅಷ್ಟೇನೂ ಬೇಕಿಲ್ಲ. ಡಿಕ್ಕಿ ಹಿಂದಿನ ಆಕ್ಸಲ್‌ಗಿಂತ ಹಿಂದಿದೆ. ಅಲ್ಲಿ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗುತ್ತದೆ, ಬ್ರೇಕಿನ ದೂರ ಹೆಚ್ಚುತ್ತದೆ, ಒಮ್ಮೆ ಬಾಲ ಜಾರಿದರೆ ಅದನ್ನು ಹಿಡಿದು ನಿಲ್ಲಿಸುವುದೂ ಕಷ್ಟ. ಹಾಕಲೇಬೇಕೆಂದರೆ ಎರಡು ಚೀಲ ಸಾಕು. ಹಿಂದಿನ ಸೀಟಿಗೆ ಒತ್ತಿ ಇಡಿ, ಸರಿದಾಡದಂತೆ ಕಟ್ಟಿ. ಗಾಡಿ ಸಿಕ್ಕಿಹಾಕಿಕೊಂಡಾಗ ಅದೇ ಮರಳನ್ನು ಚಕ್ರದಡಿ ಸುರಿಯಬಹುದು. ನನಗೆ ಅದರ ನಿಜವಾದ ಉಪಯೋಗ ಅಲ್ಲೇ ಕಾಣುವುದು.

ಹೆಜ್ಜೆ 3: ಹೊರಡುವ ಮೊದಲು

ಮಸ್ಟಾಂಗ್‌ನ ಬಾಗಿಲಿನ ಗಾಜಿಗೆ ಚೌಕಟ್ಟು ಇಲ್ಲ. ಹಿಡಿ ಎಳೆದ ತಕ್ಷಣ ಗಾಜು ತಾನೇ ಕೊಂಚ ಕೆಳಗಿಳಿದು ಮೇಲಿನ ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ, ಆಮೇಲೆ ಬಾಗಿಲು ತೆಗೆಯುತ್ತದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಹೆಪ್ಪುಗಟ್ಟಿದ ದಿನ ಈ ಗಾಜು ರಬ್ಬರಿಗೆ ಅಂಟಿಕೊಂಡಿರುತ್ತದೆ. ಹಿಡಿ ಎಳೆದರೆ ಮೋಟರ್ ಗುಯ್ ಅನ್ನುತ್ತದೆ, ಗಾಜು ಅಲ್ಲೇ. ಆಗ ಬಾಗಿಲನ್ನು ಜಗ್ಗಿದರೆ ರಬ್ಬರ್ ಕಿತ್ತು ಬರುತ್ತದೆ, ಇಲ್ಲವೇ ಗಾಜಿಗೆ ಪೆಟ್ಟು. ಅಂಗೈಯಿಂದ ಗಾಜಿನ ಮೇಲಂಚಿನ ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋಗಿ, ಐಸ್ ಪಟಪಟ ಬಿಡುತ್ತದೆ. ಡಿ-ಐಸರ್ ಸ್ಪ್ರೇ ಕೈಗೆ ಸಿಗುವಂತೆ ಇರಲಿ, ಕಾರಿನೊಳಗೆ ಅಲ್ಲ, ಮನೆಯೊಳಗೆ! ನವೆಂಬರ್‌ನಲ್ಲೇ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿಟ್ಟರೆ ಈ ರಗಳೆ ಬಹಳ ಕಮ್ಮಿ. ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಸೀಳುತ್ತದೆ.

ಚಾವಣಿಯ ಮೇಲಿನ ಹಿಮವನ್ನೂ ತೆಗೆಯಿರಿ. ಗಾಜು ಒರೆಸಿ ಹೊರಟವರು ಮೊದಲ ಬ್ರೇಕಿಗೇ ಚಾವಣಿಯ ಹಿಮವೆಲ್ಲ ಮುಂದಿನ ಗಾಜಿನ ಮೇಲೆ ಜಾರಿ ಏನೂ ಕಾಣದೆ ಒದ್ದಾಡುತ್ತಾರೆ. ಹಿಂದಿನ ದೀಪಗಳನ್ನು ಕೈಯಿಂದ ಒರೆಸಿ. ಎಲ್‌ಇಡಿ ದೀಪಕ್ಕೆ ಹಿಮ ಕರಗಿಸುವಷ್ಟು ಬಿಸಿ ಇರುವುದಿಲ್ಲ. ಹಿಮ ಸುರಿಯುವ ಹಗಲಿನಲ್ಲಿ ಹೆಡ್‌ಲೈಟನ್ನು ನೀವೇ ಹಾಕಿ. ಆಟೋಗೆ ಬಿಟ್ಟರೆ ಹಿಂದಿನ ದೀಪ ಹೊತ್ತದೇ ಇರಬಹುದು.

ಬೂಟಿನ ಅಡಿ ಬಡಿದು ಒಳಗೆ ಕೂರಿ. ಅಡಿಯಲ್ಲಿ ಮೆತ್ತಿದ ಹಿಮ ಪೆಡಲ್ ಮೇಲೆ ಕರಗಿ ಕ್ಲಚ್ಚಿನಿಂದ ಕಾಲು ಜಾರಿದರೆ ಹಿಂದಿನ ಚಕ್ರಕ್ಕೆ ಒಮ್ಮೆಲೇ ಹೊಡೆತ. ದಪ್ಪ ಜಾಕೆಟ್ ಬಿಚ್ಚಿ ಹಿಂದೆ ಹಾಕಿ. ಅದರ ಮೇಲೆ ಕಟ್ಟಿದ ಸೀಟ್ ಬೆಲ್ಟ್ ಸಡಿಲ.

ಕಾರಿನಲ್ಲಿ ಇರಬೇಕಾದವು: ಸಣ್ಣ ಸಲಿಕೆ, ಬ್ರಷ್, ಕಂಬಳಿ, ಕೈಗವಸು, ಟಾರ್ಚ್, ಫೋನ್ ಚಾರ್ಜರ್, ಜಂಪರ್ ಕೇಬಲ್, ತಿನ್ನಲು ಏನಾದರೂ. ಗಾಜಿನ ವಾಷರ್‌ಗೆ ಮೈನಸ್ 29 ಡಿಗ್ರಿ ತಡೆಯುವ ದ್ರವ ಹಾಕಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯದಿರಲಿ.

ಹೆಜ್ಜೆ 4: ಖಾಲಿ ಜಾಗದಲ್ಲಿ ಅಭ್ಯಾಸ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಒಂದು ದೊಡ್ಡ ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಜಾಗದವರ ಒಪ್ಪಿಗೆ ಕೇಳಿ. ದೀಪದ ಕಂಬ, ಹಿಮದಡಿ ಮುಚ್ಚಿಹೋದ ಕಟ್ಟೆಗಳು ಎಲ್ಲಿವೆ ಎಂದು ನಡೆದು ನೋಡಿ. ಪೊಲೀಸರಿಗೆ ತಮಾಷೆಯ ಆಟದಂತೆ ಕಾಣದ ಹಾಗೆ ನಿಧಾನಕ್ಕೆ ಮಾಡಿ.

ಮೊದಲು ಗಂಟೆಗೆ 30 ಕಿ.ಮೀ. ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ. ಎಬಿಎಸ್ ಕಾಲಿನಡಿ ಟರ್ ಟರ್ ಎಂದು ಗುದ್ದುತ್ತದೆ. ಮೊದಲ ಸಲ ಕೇಳಿದವರು ಏನೋ ಮುರಿಯಿತೆಂದು ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು. ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿ ನೋಡಿ, ಕಾರು ಮೆಲ್ಲಗೆ ತಿರುಗುತ್ತದೆ.

ಆಮೇಲೆ ಅಗಲವಾದ ಸುತ್ತು ಹಾಕುತ್ತಾ ಆ್ಯಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚಿಸಿ. ಬಾಲ ಹೊರಗೆ ಸರಿಯುವ ಕ್ಷಣ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಆ ಅನಿಸಿಕೆಗಾಗಿಯೇ ಈ ಅಭ್ಯಾಸ. ಮೊದಲು ಎಲೆಕ್ಟ್ರಾನಿಕ್ಸ್ ಹಾಕಿಕೊಂಡೇ ಮಾಡಿ, ಅದು ಎಲ್ಲಿ ಕೈ ಹಾಕುತ್ತದೆ ನೋಡಿ. ಆಮೇಲೆ ಟ್ರ್ಯಾಕ್ಷನ್ ಕಂಟ್ರೋಲ್ ತೆಗೆದು ಅದೇ ಸುತ್ತು.

ಹೆಜ್ಜೆ 5: ಹೊರಡುವುದು

ಡ್ರೈವ್ ಮೋಡ್ ‘ಸ್ನೋ/ವೆಟ್’ಗೆ ಹಾಕಿ. ಆ್ಯಕ್ಸಿಲರೇಟರ್ ಮೊಂಡಾಗುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ಬೇಗ ಎಚ್ಚರವಾಗುತ್ತದೆ. ಮ್ಯಾನ್ಯುವಲ್ ಆದರೆ ಎರಡನೇ ಗೇರಿನಲ್ಲಿ ಹೊರಡಿ. ಕಾಲನ್ನು ಆ್ಯಕ್ಸಿಲರೇಟರ್ ಮೇಲೆ ಇಡದೆಯೇ ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟು ನೋಡಿ. ಆ ವಿ8ಗೆ ಐಡಲ್‌ನಲ್ಲೇ ಕಾರನ್ನು ಎಳೆಯುವಷ್ಟು ಶಕ್ತಿ ಇದೆ. ಮಲೆನಾಡಿನ ಕೆಸರು ರಸ್ತೆಯಲ್ಲಿ ಅಂಬಾಸಿಡರ್, ಓಮ್ನಿ ಓಡಿಸಿದವರಿಗೆ ಇದು ಹೊಸದಲ್ಲ. ಅವೂ ಹಿಂಬದಿ ಚಕ್ರದವೇ. ರೇಸ್ ಕೊಟ್ಟಷ್ಟೂ ಹೂತುಕೊಳ್ಳುತ್ತದೆ ಎಂಬ ಪಾಠ ಅಲ್ಲಿಯದೇ.

ಮುಂದಿನ ಚಕ್ರ ನೇರವಾಗಿರಲಿ. ಪಾರ್ಕಿಂಗ್‌ನಿಂದ ಸ್ಟೀರಿಂಗ್ ಪೂರ್ತಿ ತಿರುಗಿಸಿಕೊಂಡು ಹೊರಡಲು ಹೋದರೆ ಹಿಂದಿನ ಚಕ್ರಗಳು ತಿರುಗಿದ ಮುಂದಿನ ಚಕ್ರಗಳನ್ನು ನೂಕಬೇಕಾಗುತ್ತದೆ. ಅಷ್ಟು ಹಿಡಿತ ಅವಕ್ಕೆ ಇರುವುದಿಲ್ಲ. ಸ್ವಲ್ಪ ಚಲಿಸಿದ ಮೇಲೆ ತಿರುಗಿಸಿ.

ಸಿಕ್ಕಿಹಾಕಿಕೊಂಡಿರಾ? ಚಕ್ರ ಸುತ್ತಿಸಬೇಡಿ. ಸುತ್ತಿದಷ್ಟೂ ಅಡಿಯ ಹಿಮ ಕರಗಿ ಐಸ್ ಆಗುತ್ತದೆ. ಅಭ್ಯಾಸದ ಹೊರಗೆ ಇಲ್ಲಿ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲ್ ತೆಗೆಯಿರಿ, ಇಲ್ಲದಿದ್ದರೆ ಅದು ಎಂಜಿನ್ ಶಕ್ತಿಯನ್ನೇ ಕತ್ತರಿಸುತ್ತದೆ. ಮುಂದೆ ಒಂದಡಿ, ಹಿಂದೆ ಒಂದಡಿ, ತೂಗಾಡಿಸಿದಂತೆ ಮಾಡಿ. ಆಗದಿದ್ದರೆ ಇಳಿದು ಸಲಿಕೆ ಹಿಡಿಯಿರಿ. ಹೊಟ್ಟೆಯಡಿಯ ಹಿಮ ತೆಗೆಯಿರಿ, ಚಕ್ರದ ಮುಂದೆ ಹಿಂದೆ ಮರಳು ಹಾಕಿ. ಹೊರಬಂದ ಕೂಡಲೇ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತೆ ಹಾಕಿ. ಹಿಮದಲ್ಲಿ ನಿಂತು ಎಂಜಿನ್ ಓಡಿಸುವುದಾದರೆ ಮೊದಲು ಸೈಲೆನ್ಸರ್ ಕೊಳವೆಯ ಬಾಯಿ ಬಿಡಿಸಿ. ಅದು ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ವಾಸನೆ ಇಲ್ಲ, ಪ್ರಾಣ ತೆಗೆಯುತ್ತದೆ.

ಹೆಜ್ಜೆ 6: ನಿಲ್ಲಿಸುವುದು

ಗಂಟೆಗೆ 50 ಕಿ.ಮೀ. (ಸುಮಾರು 30 ಮೈಲಿ) ವೇಗದಿಂದ ಒಣ ಡಾಂಬರಿನಲ್ಲಿ ಕಾರು 12-13 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿ ಹಿಮದಲ್ಲಿ 40 ಮೀಟರ್ ಬೇಕು. ಐಸಿನಲ್ಲಿ ನೂರರ ಹತ್ತಿರ. ಇದು ಬ್ರೇಕ್ ಒತ್ತಿದ ಮೇಲಿನ ದೂರ, ಯೋಚಿಸುವ ಹೊತ್ತು ಬೇರೆ. ಆಲ್ ವೀಲ್ ಡ್ರೈವ್ ಇರುವ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಸ್‌ಯುವಿಗೂ ಇದೇ ಲೆಕ್ಕ. ಅದು ಹೊರಡುವಾಗ ನಿಮಗಿಂತ ಮುಂದೆ ಹೋಗುತ್ತದೆ, ನಿಲ್ಲುವಾಗ ಅಲ್ಲ. ಒಂದು ರೀತಿಯಲ್ಲಿ ಹಿಂಬದಿ ಚಕ್ರದ ಕಾರು ಪ್ರಾಮಾಣಿಕ. ರಸ್ತೆ ಎಷ್ಟು ಜಾರುತ್ತಿದೆ ಎಂದು ಹೊರಡುವಾಗಲೇ ಹೇಳಿಬಿಡುತ್ತದೆ. ನಾಲ್ಕು ಚಕ್ರದವರಿಗೆ ಆ ಸುದ್ದಿ ಬ್ರೇಕ್ ಒತ್ತಿದಾಗ ತಲುಪುತ್ತದೆ.

ಸಿಗ್ನಲ್‌ಗಳ ಹತ್ತಿರದ ನೆಲವನ್ನು ಗಮನಿಸಿ. ನಿಲ್ಲುವ ಗೆರೆಗೆ ಮುಂಚಿನ ಕೆಲವು ಮೀಟರುಗಳಲ್ಲಿ ದಿನವಿಡೀ ನೂರಾರು ಕಾರುಗಳು ಜಾರಿ ನಿಂತಿರುತ್ತವೆ, ಚಕ್ರ ಸುತ್ತಿಸಿ ಹೊರಟಿರುತ್ತವೆ. ನಿಂತ ಎಂಜಿನ್ನುಗಳ ಬಿಸಿ ಹಿಮವನ್ನು ಕೊಂಚ ಕರಗಿಸಿರುತ್ತದೆ. ಎಲ್ಲ ಸೇರಿ ಚಕ್ರದ ಜಾಡು ಕನ್ನಡಿಯಾಗಿರುತ್ತದೆ. ಅದಕ್ಕೆ ತಲುಪುವ ಮೊದಲೇ ಬ್ರೇಕಿನ ಮುಖ್ಯ ಕೆಲಸ ಮುಗಿದಿರಬೇಕು. ಜಾಗ ಇದ್ದರೆ ಲೇನಿನೊಳಗೇ ಒಂದಡಿ ಪಕ್ಕಕ್ಕೆ ಸರಿದು, ಇನ್ನೂ ಒರಟಾಗಿರುವ ಹಿಮದ ಮೇಲೆ ಚಕ್ರ ಇಟ್ಟು ನಿಲ್ಲಿಸಿ. ಹೊರಡುವಾಗಲೂ ಅಲ್ಲೇ ಹಿಡಿತ. ಹಸಿರು ಬಿದ್ದ ತಕ್ಷಣ ಹೊರಡಬೇಡಿ. ಅಡ್ಡ ರಸ್ತೆಯವನು ನಿಲ್ಲಿಸಲಾಗದೆ ಜಾರಿ ಬರುತ್ತಿರಬಹುದು.

ಎಂಜಿನ್ ಬ್ರೇಕಿಂಗ್ ವಿಷಯದಲ್ಲಿ ನಮ್ಮ ಘಾಟಿಯ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ಗೇರ್ ಇಳಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಎಂಜಿನ್ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿದೆಳೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಷ್ಟೇ ಪರಿಣಾಮ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಕೊಂಚ ರೇಸ್ ಕೊಟ್ಟು ಎಂಜಿನ್ ವೇಗ ಹೊಂದಿಸಿ ಕ್ಲಚ್ ಬಿಡಿ. ಹಿಂಬದಿ ಚಕ್ರದ ಟೆಸ್ಲಾ ಮಾಡೆಲ್ 3 ಇರುವವರು ಕೂಡ ಇದನ್ನು ಓದಿಕೊಳ್ಳಿ. ಕಾಲು ಎತ್ತಿದೊಡನೆ ರೀಜೆನ್ ಬ್ರೇಕ್ (ಮೋಟರೇ ಕಾರನ್ನು ನಿಧಾನಿಸುವ ಏರ್ಪಾಡು) ಹಿಡಿಯುವುದು ಹಿಂದಿನ ಚಕ್ರವನ್ನೇ.

ಹೆಜ್ಜೆ 7: ತಿರುವು, ಹೆದ್ದಾರಿ, ಸೇತುವೆ

ತಿರುವಿನಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ನೇರ ಇರುವಾಗಲೇ ಬ್ರೇಕ್ ಮುಗಿಸಿ. ಬ್ರೇಕ್ ಬಿಟ್ಟು ತಿರುಗಿಸಿ. ಸ್ಟೀರಿಂಗ್ ನೇರವಾಗುತ್ತಾ ಬಂದಂತೆ ಆ್ಯಕ್ಸಿಲರೇಟರ್. ನಡುವೆ ಹೆದರಿ ಕಾಲು ಕಿತ್ತರೆ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ, ಬಾಲ ಜಾರುತ್ತದೆ. ಹೆದ್ದಾರಿಯಿಂದ ಇಳಿಯುವ ಸುರುಳಿ ರ‍್ಯಾಂಪ್‌ಗಳಲ್ಲಿ ಇದು ಪದೇ ಪದೇ ಆಗುವುದನ್ನು ನೋಡುತ್ತೇವೆ.

ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ಬೇಡ. ಎರಡು ಲೇನುಗಳ ನಡುವೆ ಸಾಲಾಗಿ ಕೂತ ಕೊಚ್ಚೆ ಹಿಮವನ್ನು ದಾಟುವಾಗ ಗಾಡಿಯನ್ನು ಅದು ಎಳೆಯುತ್ತದೆ. ಬೇಗ ದಾಟಿಬಿಡೋಣ ಎಂದು ಚಕ್ಕನೆ ತಿರುಗಿಸಬೇಡಿ, ರೇಸ್ ಹೆಚ್ಚಿಸಲೂಬೇಡಿ. ಕಾಲು ಇದ್ದಲ್ಲೇ ಇರಲಿ, ಓರೆಯಾಗಿ ಉದ್ದಕ್ಕೆ ದಾಟಿ.

ಸೇತುವೆಗೆ ಕೆಳಗಿನಿಂದಲೂ ಚಳಿಗಾಳಿ ತಾಗುತ್ತದೆ, ಹಾಗಾಗಿ ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಒದ್ದೆಯಂತೆ ಕಾಣುವ ಕಪ್ಪು ರಸ್ತೆಯಲ್ಲಿ ಮುಂದಿನ ಗಾಡಿಯ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಎಂದರೆ ಅದು ನೀರಲ್ಲ, ಬ್ಲ್ಯಾಕ್ ಐಸ್. ಅಲ್ಲಿ ಏನನ್ನೂ ಮಾಡದಿರುವುದೇ ಸರಿ. ಬ್ರೇಕಿಲ್ಲ, ರೇಸಿಲ್ಲ, ತಿರುವಿಲ್ಲ. ಶೂನ್ಯ ಡಿಗ್ರಿಯ ಹತ್ತಿರದ ಐಸ್ ಮೇಲೆ ತೆಳುವಾದ ನೀರಿನ ಪದರ ಇರುವುದರಿಂದ ಅದು ಮೈನಸ್ 20ರ ಐಸಿಗಿಂತ ಹೆಚ್ಚು ಜಾರುತ್ತದೆ. ಕೊರೆಯುವ ಚಳಿಯ ದಿನಕ್ಕಿಂತ ‘ಇವತ್ತು ಪರವಾಗಿಲ್ಲ’ ಅನಿಸುವ ದಿನವೇ ಅಪಾಯ. ಆದರೆ ಮೈನಸ್ 10ಕ್ಕಿಂತ ಕೆಳಗೆ ಹಾಕಿದ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ರಾಜ್ಯದ ಪಶ್ಚಿಮಕ್ಕೆ, ಗ್ರ್ಯಾಂಡ್ ರ‍್ಯಾಪಿಡ್ಸ್, ಕಲಮಜೂ ಕಡೆ ಹೋಗುವವರಿಗೆ ಇನ್ನೊಂದು ಮಾತು. ಮಿಷಿಗನ್ ಸರೋವರದ ಮೇಲಿಂದ ಬರುವ ಗಾಳಿ ಪಟ್ಟಿ ಪಟ್ಟಿಯಾಗಿ ಹಿಮ ಸುರಿಸುತ್ತದೆ. ಬಿಸಿಲಿನಲ್ಲಿ ಹೋಗುತ್ತಿದ್ದವರು ಒಂದೆರಡು ನಿಮಿಷದಲ್ಲಿ ಬಿಳಿ ಗೋಡೆಯೊಳಗೆ ಇರುತ್ತಾರೆ. 2015ರ ಜನವರಿ 9ರಂದು ಕಲಮಜೂ ಮತ್ತು ಬ್ಯಾಟಲ್ ಕ್ರೀಕ್ ನಡುವೆ ಐ-94 ಹೆದ್ದಾರಿಯಲ್ಲಿ 190ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿಕೊಂಡವು. ಪಟಾಕಿ ತುಂಬಿದ ಟ್ರಕ್ ಹೊತ್ತಿ ಸಿಡಿಯಿತು. ಅಂಥ ಗೋಡೆ ದೂರದಿಂದ ಕಂಡರೆ ಅದರೊಳಗೆ ಹೋಗುವ ಮೊದಲೇ ಎಕ್ಸಿಟ್ ಹಿಡಿಯಿರಿ. ಹಿಮ ಗೋರುವ ಟ್ರಕ್ ಸಿಕ್ಕರೆ ಅದರ ಹಿಂದೆ ದೂರ ಉಳಿಯಿರಿ, ಓವರ್‌ಟೇಕ್ ಬೇಡ. ಅದರ ಹಿಂದಿನ ರಸ್ತೆಯೇ ಆ ಹೊತ್ತಿಗೆ ಊರಿನಲ್ಲಿ ಒಳ್ಳೆಯ ರಸ್ತೆ.

ಏರಿನಲ್ಲಿ ಮುಂದಿನವನು ಮೇಲೆ ತಲುಪುವವರೆಗೆ ಕೆಳಗೇ ಕಾಯಿರಿ. ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ.

ಹೆಜ್ಜೆ 8: ಬಾಲ ಜಾರಿದಾಗ

ಹಿಂಭಾಗ ಬಲಕ್ಕೆ ಹೋದರೆ ಸ್ಟೀರಿಂಗ್ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಆ ಹೊತ್ತಿನಲ್ಲಿ ಎಡಬಲ ಯೋಚಿಸಲು ಪುರಸೊತ್ತು ಇರುವುದಿಲ್ಲ. ಹೋಗಬೇಕಾದ ಕಡೆ ನೋಡಿ, ಕೈ ಅತ್ತ ಹೋಗುತ್ತದೆ. ಕಂಬವನ್ನೇ ನೋಡುತ್ತಿದ್ದರೆ ಕಂಬಕ್ಕೇ ಹೋಗುತ್ತೀರಿ. ಆ್ಯಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಮ್ಯಾನ್ಯುವಲ್ ಆದರೆ ಕ್ಲಚ್ ಒತ್ತಿಬಿಡಿ. ಹಿಂದಿನ ಚಕ್ರಗಳು ಎಂಜಿನ್ನಿನಿಂದ ಬಿಡುಗಡೆಯಾಗಿ ಸ್ವಂತ ಲಯಕ್ಕೆ ಬರುತ್ತವೆ.

ಹೆಚ್ಚಿನವರು ಇಲ್ಲಿಯವರೆಗೆ ಚೆನ್ನಾಗಿಯೇ ಮಾಡುತ್ತಾರೆ. ಕೆಡುವುದು ಮುಂದಿನ ಕ್ಷಣ. ಬಾಲ ಮರಳಿ ಬರತೊಡಗಿದಾಗ ಸ್ಟೀರಿಂಗ್ ಇನ್ನೂ ತಿರುಗಿಕೊಂಡೇ ಇದ್ದರೆ ಬಾಲ ಇನ್ನೊಂದು ಕಡೆಗೆ ಇನ್ನೂ ಜೋರಾಗಿ ಬೀಸುತ್ತದೆ. ಈ ಎರಡನೇ ಬೀಸೇ ಕಾರನ್ನು ಚರಂಡಿಗೆ ಹಾಕುವುದು. ಬಾಲ ಹೊರಗೆ ಹೋಗುವುದು ನಿಂತಿತು ಅನಿಸಿದ ಕೂಡಲೇ, ಅದು ವಾಪಸ್ ಬರುವುದಕ್ಕಿಂತ ಮುಂಚೆಯೇ, ಸ್ಟೀರಿಂಗ್ ನೇರ ಮಾಡುತ್ತಾ ಬನ್ನಿ. ಕೈ ಬಿಗಿ ಹಿಡಿಯಬೇಡಿ. ಮುಂದಿನ ಚಕ್ರಗಳು ತಾವಾಗಿಯೇ ಕಾರು ಸಾಗುತ್ತಿರುವ ದಿಕ್ಕಿಗೆ ತಿರುಗಲು ನೋಡುತ್ತವೆ, ಬಿಟ್ಟುಕೊಡಿ. ಸ್ಟೆಬಿಲಿಟಿ ಕಂಟ್ರೋಲ್ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನಿಮ್ಮ ಜೊತೆ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ನಿಮ್ಮ ಇಷ್ಟ ಗೊತ್ತಾಗುವುದು ಸ್ಟೀರಿಂಗ್‌ನಿಂದಲೇ.

ಕೈಮೀರಿತು, ಕಾರು ಸುತ್ತುತ್ತಿದೆ ಎಂದಾದರೆ ಎರಡೂ ಕಾಲು ಕೆಳಗೆ: ಬ್ರೇಕೂ ಕ್ಲಚ್ಚೂ ಪೂರ್ತಿ.

ಮುಂಭಾಗವೂ ಜಾರಬಹುದು. ಸ್ಟೀರಿಂಗ್ ತಿರುಗಿಸಿದ್ದೀರಿ, ಕಾರು ನೇರ ಹೋಗುತ್ತಿದೆ. ಇನ್ನೂ ತಿರುಗಿಸುವ ಆಸೆಯಾಗುತ್ತದೆ, ಮಾಡಬೇಡಿ. ಕಾಲು ಸಡಿಲಿಸಿ, ಸ್ಟೀರಿಂಗನ್ನು ಕೊಂಚ ವಾಪಸ್ ತನ್ನಿ. ವೇಗ ಇಳಿದಂತೆ ಚಕ್ರ ಮತ್ತೆ ಕಚ್ಚುತ್ತದೆ.

ಯಾವಾಗ ತೆಗೆಯಲೇಬಾರದು

ಮಸ್ಟಾಂಗ್‌ನ ಹೊಟ್ಟೆ ನೆಲಕ್ಕೆ ತೀರ ಹತ್ತಿರ. ಹೊಸ ಹಿಮ 10-12 ಸೆಂ.ಮೀ. ದಾಟಿದರೆ ಕಾರು ಹಿಮದ ಮೇಲೆ ಹೊಟ್ಟೆ ಊರಿ ಕೂರುತ್ತದೆ. ಆಮೇಲೆ ಯಾವ ಟೈರ್ ಇದ್ದರೇನು? ರಸ್ತೆ ಗೋರುವ ಟ್ರಕ್ ನಿಮ್ಮ ಡ್ರೈವ್‌ವೇ ಬಾಯಿಗೆ ಒಟ್ಟಿ ಹೋದ ದಿಬ್ಬವನ್ನು ಗುದ್ದಿ ದಾಟಲು ಹೋಗಬೇಡಿ, ಬಂಪರ್ ಕೈಗೆ ಬರುತ್ತದೆ.

ಹೆಪ್ಪುಗಟ್ಟುವ ಮಳೆ ಇನ್ನೊಂದು. ಕನ್ನಡ ಕೂಟದ ಸಂಕ್ರಾಂತಿ, ಮನೆಯವರೆಲ್ಲ ರೇಷ್ಮೆ ಸೀರೆ, ಎಳ್ಳುಬೆಲ್ಲದ ಡಬ್ಬಿ ಸಮೇತ ತಯಾರು, ಹೊರಗೆ ಮಳೆ ಬಿದ್ದಲ್ಲೇ ಗಾಜಾಗುತ್ತಿದೆ. ಅವತ್ತು ಎಳ್ಳುಬೆಲ್ಲ ಮನೆಯಲ್ಲೇ ತಿನ್ನಿ. ಚಳಿಗಾಲದ ಟೈರ್ ಕೂಡ ಅದಕ್ಕೆ ಸಾಟಿಯಲ್ಲ.

ಉಪ್ಪು, ಮತ್ತೆ ಏಪ್ರಿಲ್

ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ರಸ್ತೆಗೆ ಉಪ್ಪು ಸುರಿಯಲು ಇಲ್ಲಿನವರು ಕೈ ಬಿಗಿ ಹಿಡಿಯುವುದಿಲ್ಲ. ಎರಡು ವಾರಕ್ಕೊಮ್ಮೆ, ಶೂನ್ಯಕ್ಕಿಂತ ಮೇಲಿರುವ ದಿನ ನೋಡಿ, ಕಾರಿನ ಅಡಿ ತೊಳೆಯುವ ಸೌಲಭ್ಯ ಇರುವ ಕಡೆ ತೊಳೆಸಿ. ತೊಳೆದ ಮೇಲೆ ಬಾಗಿಲಿನ ರಬ್ಬರ್ ಒರೆಸಿ. ಮನೆಗೆ ಹೋಗುವ ದಾರಿಯಲ್ಲಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ, ಇಲ್ಲದಿದ್ದರೆ ಬೆಳಿಗ್ಗೆ ಪ್ಯಾಡ್ ಅಂಟಿಕೊಂಡಿರಬಹುದು.

ಏಪ್ರಿಲ್ ಕೊನೆಯ ಹೊತ್ತಿಗೆ ಬೆಳಗಿನ ತಾಪಮಾನ 7ರ ಮೇಲೆ ನಿಂತಾಗ ಟೈರ್ ಬದಲಿಸಿ. ಮೆತ್ತಗಿನ ಚಳಿಗಾಲದ ರಬ್ಬರ್ ಬಿಸಿ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಬಿಚ್ಚಿದ ಪ್ರತಿ ಟೈರಿನ ಮೇಲೂ ಯಾವ ಮೂಲೆಯದೆಂದು ಸೀಮೆಸುಣ್ಣದಲ್ಲಿ ಬರೆದು, ತೊಳೆದು, ಬಿಸಿಲು ಬೀಳದ ಕಡೆ ಇಡಿ. ಗೀರಿನ ಆಳವನ್ನೂ ಪಕ್ಕದಲ್ಲೇ ಬರೆದಿಡಿ. ಹೊಸ ಸೆಟ್ ಬೇಕಾ ಬೇಡವಾ ಎಂದು ಸೆಪ್ಟೆಂಬರ್‌ನಲ್ಲೇ ಗೊತ್ತಾದರೆ ಬೇಕಾದ ಅಳತೆ ಅಂಗಡಿಯಲ್ಲಿ ಇನ್ನೂ ಇರುತ್ತದೆ.